ನಿಲ್ಲಿಸಬೇಕಾದ್ದು ಭೇದಿಯನ್ನಲ್ಲ

ಹೊಟ್ಟೆ ಕೆಟ್ಟವರ ಮನೆಯಲ್ಲಿ, ಔಷಧಿ ಅಂಗಡಿಯಲ್ಲಿ, ಕ್ಲಿನಿಕ್ಕಿನಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಎಷ್ಟು ಸಲ ಹೋಯಿತು? ಎರಡನೆಯದು: ಈಗ ನಿಂತಿತಾ? ಕೇಳುವವರು ಅಜ್ಜಿಯಾಗಿರಲಿ, ಮೆಡಿಕಲ್ ಶಾಪಿನ ಹುಡುಗನಾಗಿರಲಿ, ಎಷ್ಟೋ ಸಲ ವೈದ್ಯರೇ ಆಗಿರಲಿ, ಈ ಎರಡು ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಕೂತಿದೆ. ಭೇದಿಯೇ ಕಾಯಿಲೆ, ನಿಂತರೆ ಗುಣ, ಆದ್ದರಿಂದ ನಿಲ್ಲಿಸುವುದೇ ಮದ್ದು. ಈ ನಂಬಿಕೆಯಿಂದಲೇ ಮಗುವಿಗೆ ಹಾಲು ಬಿಡಿಸುತ್ತಾರೆ, ನೀರು ಕಡಿಮೆ ಮಾಡುತ್ತಾರೆ, ಮೋಷನ್ ನಿಲ್ಲುವ ಮಾತ್ರೆ ಕೊಡುತ್ತಾರೆ, ಎರಡು ಬಗೆಯ ಆ್ಯಂಟಿಬಯೋಟಿಕ್ ಬೆರೆಸಿದ ಗುಳಿಗೆ ನುಂಗಿಸುತ್ತಾರೆ, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ ಎಂದು ಕೇಳುತ್ತಾರೆ. ಇದು ತಪ್ಪು ಮತ್ತು ಅಪಾಯಕಾರಿ ಎಂದು ನಾನು ಹೇಳುತ್ತೇನೆ. ಭೇದಿಯಿಂದ ಸಾಯುವವರು ಬಹುಪಾಲು ಸಾಯುವುದು ದೇಹದ ನೀರು ಮತ್ತು ಉಪ್ಪು ಖಾಲಿಯಾಗಿ. ಎಣಿಸಬೇಕಾದ್ದು ಎಷ್ಟು ಸಲ ಹೋಯಿತೆಂಬುದನ್ನಲ್ಲ, ಹೋದದ್ದರಲ್ಲಿ ಎಷ್ಟು ವಾಪಸ್ ಬಂತೆಂಬುದನ್ನು. ಲೆಕ್ಕ ತಪ್ಪಾದ ಕಡೆ ಎರಡು ಅನಾಹುತ ಒಟ್ಟಿಗೆ ಆಗುತ್ತವೆ: ಮನೆಯಲ್ಲೇ ಗುಣವಾಗುವವರು ಬೇಡದ ಔಷಧಿ ತಿನ್ನುತ್ತಾರೆ, ಆಸ್ಪತ್ರೆಗೆ ಓಡಬೇಕಾದವರು ‘ಈಗ ನಿಂತಿದೆಯಲ್ಲ’ ಎಂದು ಮನೆಯಲ್ಲೇ ಉಳಿಯುತ್ತಾರೆ.

ಕರುಳಿನೊಳಗಿನ ನೀರಿನ ಲೆಕ್ಕ ಗೊತ್ತಾದರೆ ವಾದ ಅರ್ಧ ಮುಗಿದಂತೆ. ದೊಡ್ಡವರೊಬ್ಬರು ಊಟ, ನೀರು, ಕಾಫಿ ಎಲ್ಲ ಸೇರಿ ದಿನಕ್ಕೆ ಸುಮಾರು 2 ಲೀಟರ್ ದ್ರವವನ್ನು ಹೊಟ್ಟೆಗೆ ಇಳಿಸುತ್ತಾರೆ. ಜೊಲ್ಲು, ಜಠರರಸ, ಪಿತ್ತ, ಸಣ್ಣ ಕರುಳಿನದೇ ಸ್ರಾವ ಇವೆಲ್ಲ ಕೂಡಿ ದೇಹವೇ ಇನ್ನೂ ಆರೇಳು ಲೀಟರ್ ಸುರಿಯುತ್ತದೆ. ಹೀಗೆ ದಿನಕ್ಕೆ ಎಂಟೊಂಬತ್ತು ಲೀಟರ್ ಕರುಳಿಗೆ ಬಂದರೂ ಮಲದ ಜೊತೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನೆಲ್ಲ ಕರುಳು ಹೀರಿ ರಕ್ತಕ್ಕೆ ಮರಳಿಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಸ್ವಲ್ಪ ಏರುಪೇರಾದರೂ ಭೇದಿ. ಕಾಲರಾದಲ್ಲಿ ಆಗುವುದು ಈ ಏರುಪೇರಿನ ಅತಿರೇಕ. ರೋಗಾಣು ಕರುಳನ್ನು ತಿಂದುಹಾಕುವುದಿಲ್ಲ. ಅದು ಬಿಡುವ ಒಂದು ವಿಷ ಕರುಳಿನ ಕೋಶಗಳು ಉಪ್ಪನ್ನೂ ಅದರ ಬೆನ್ನಿಗೆ ನೀರನ್ನೂ ಬಿಡುವಿಲ್ಲದೆ ಹೊರಚೆಲ್ಲುವಂತೆ ಮಾಡುತ್ತದೆ. ಈ ವಿಷವನ್ನು ಮೊಲದ ಕರುಳಿನಲ್ಲಿ ತೋರಿಸಿಕೊಟ್ಟು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಕಲ್ಕತ್ತೆಯ ಶಂಭುನಾಥ ಡೇ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ಹತ್ತು ಕಿಲೋ ತೂಕದ ಮಗು ಒಂದು ಕಿಲೋದಷ್ಟು ನೀರು ಕಳೆದುಕೊಂಡರೆ ಅದರ ಜೀವ ಅಪಾಯದಲ್ಲಿದೆ ಎಂದು ಅರ್ಥ. ಮಗುವಿನ ಮೈ ಚಿಕ್ಕದಾದ್ದರಿಂದ, ದೊಡ್ಡವರು ತಡೆದುಕೊಳ್ಳುವ ನಷ್ಟವನ್ನು ಅದು ತಡೆದುಕೊಳ್ಳಲಾರದು.

ಹೀಗೆ ಸೋರುವ ಕರುಳಿನಲ್ಲೂ ಒಂದು ದಾರಿ ತೆರೆದೇ ಇರುತ್ತದೆ. ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿ ಬಂದರೆ ಕರುಳಿನ ಕೋಶ ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ನೀರು ಹಿಂಬಾಲಿಸುತ್ತದೆ. ಕಾಲರಾದ ವಿಷ ಈ ದಾರಿಯನ್ನು ಮುಚ್ಚಲಾರದು. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೊತೆಯಾಗಿ ಒಳಸೇರುವುದನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದರು. ಅದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸಿನ ನೀರನ್ನು ಬಾಯಿಯ ಮೂಲಕ ಕೊಟ್ಟು ಉಳಿಸಿದ ವರದಿಯನ್ನು ‘ಲ್ಯಾನ್ಸೆಟ್’ ಪ್ರಕಟಿಸಿತ್ತು. ಆಗ ಅದನ್ನು ಗಂಭೀರವಾಗಿ ಓದಿದವರು ಕಡಿಮೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಅಳತೆಯಿಟ್ಟು ಪರೀಕ್ಷಿಸಿ ಇದನ್ನು ಸಾಬೀತುಪಡಿಸಿದರು. ದೊಡ್ಡ ಪರೀಕ್ಷೆ ಎದುರಾದದ್ದು 1971ರಲ್ಲಿ. ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಎದ್ದಿತ್ತು, ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು, ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ದಿಲೀಪ್ ಮಹಲನಬೀಸ್ ಮತ್ತು ಅವರ ಸಂಗಡಿಗರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು 3.6ಕ್ಕೆ ಇಳಿಯಿತು. ಬನಗಾಂವ್‌ನಲ್ಲಿ ಬದುಕಿದವರ ಭೇದಿ ಅಂದೇ ನಿಂತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅದು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಹೋದಷ್ಟನ್ನು ಮತ್ತೆ ತುಂಬಿಕೊಂಡವರು ಬದುಕಿದರು.

ಈ ವಿಚಾರ ಬರೀ ನಿರಾಶ್ರಿತರ ಶಿಬಿರಕ್ಕೆ ಸೀಮಿತವಾಗಿ ಉಳಿಯಲಿಲ್ಲ. 1978ರಲ್ಲಿ ‘ಲ್ಯಾನ್ಸೆಟ್’ ತನ್ನ ಸಂಪಾದಕೀಯದಲ್ಲಿ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದಾದದ್ದೆಂದು ಕರೆಯಿತು. 1980ರ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 46 ಲಕ್ಷ ಮಕ್ಕಳು ವರ್ಷಕ್ಕೆ ಭೇದಿಯಿಂದ ಸಾಯುತ್ತಿದ್ದರು. ಈಗ ಆ ಸಂಖ್ಯೆ ಸುಮಾರು 4.4 ಲಕ್ಷ. ಶುದ್ಧ ನೀರು, ಶೌಚಾಲಯ, ಲಸಿಕೆ ಎಲ್ಲವೂ ಈ ಇಳಿಕೆಗೆ ಕಾರಣ, ಒಪ್ಪುತ್ತೇನೆ. ಆದರೆ ಭೇದಿ ಶುರುವಾದ ಮೇಲೆ ಉಳಿಸಿದ್ದು ಈ ಉಪ್ಪು-ಗ್ಲೂಕೋಸಿನ ಪೊಟ್ಟಣ, ಅಂದರೆ ಓಆರ್‌ಎಸ್. ಭೇದಿ ನಿಲ್ಲಿಸುವ ಯಾವ ಮಾತ್ರೆಯ ಹೆಸರಿನಲ್ಲೂ ಇಂಥ ದಾಖಲೆ ಇಲ್ಲ.

ಹಾಗಾದರೆ ನಿಲ್ಲಿಸುವ ಮಾತ್ರೆ ಮಾಡುವುದೇನು? ಲೋಪೆರಮೈಡ್‌ನಂಥ ಔಷಧಿ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಹೊರಗಿನ ಬಾಗಿಲು ಹಾಕಿದ ಮಾತ್ರಕ್ಕೆ ಒಳಗಿನ ಸೋರಿಕೆ ನಿಲ್ಲುವುದಿಲ್ಲ. ರಕ್ತದಿಂದ ಕರುಳಿಗೆ ಸೋರಿದ ನೀರು ಅಲ್ಲೇ ಕೂತಿರುತ್ತದೆ, ಹೊಟ್ಟೆ ಉಬ್ಬುತ್ತದೆ, ದೇಹಕ್ಕೆ ಅದು ದಕ್ಕಿಲ್ಲ. ಆದರೆ ಮನೆಯವರ ಕಣ್ಣಿಗೆ ‘ನಿಂತಿದೆ’. ಈ ನೆಮ್ಮದಿಯಲ್ಲೇ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಇಂಥ ಔಷಧಿ ಕೊಡಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ದಶಕಗಳಿಂದ ಹೇಳುತ್ತ ಬಂದಿದೆ. ಕರುಳಿನ ಚಲನೆ ಪೂರ್ತಿ ಸ್ಥಗಿತವಾಗುವುದು, ಮಗು ಮಂಪರಿಗೆ ಜಾರುವುದು, ಉಸಿರಾಟ ಕುಗ್ಗುವುದು ಈ ಗುಂಪಿನ ಔಷಧಿಗಳ ದಾಖಲಾದ ದುಷ್ಪರಿಣಾಮಗಳು. ಮಲದಲ್ಲಿ ರಕ್ತವಿದ್ದಾಗ, ಜೋರು ಜ್ವರವಿದ್ದಾಗ ದೊಡ್ಡವರೂ ಇದನ್ನು ಮುಟ್ಟಬಾರದು; ಹೊರಗೆ ಹೋಗಬೇಕಾದ ರೋಗಾಣು ಕರುಳಿನಲ್ಲೇ ತಂಗಿ ಉರಿಯೂತ ಹೆಚ್ಚಿಸುತ್ತದೆ. ಆದರೂ ಔಷಧಿ ಅಂಗಡಿಯ ಗಾಜಿನ ಮೇಜಿನ ಮೇಲೆ ‘ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ’ ಎಂದ ತಕ್ಷಣ ಕತ್ತರಿಯಿಂದ ಕತ್ತರಿಸಿ ಕೊಡುವ ನಾಲ್ಕು ಮಾತ್ರೆಗಳಲ್ಲಿ ಇದೂ ಒಂದಾಗಿರುತ್ತದೆ. ರಕ್ತ ಇದೆಯಾ, ಯಾರಿಗೆ, ವಯಸ್ಸೆಷ್ಟು ಎಂದು ಕೇಳುವ ಕಾಲು ನಿಮಿಷ ಆ ಮೇಜಿನ ಮೇಲೆ ಸಿಗುವುದಿಲ್ಲ.

ಆ ನಾಲ್ಕರಲ್ಲಿ ಇನ್ನೊಂದು ಆ್ಯಂಟಿಬಯೋಟಿಕ್. ಮಕ್ಕಳ ನೀರುಭೇದಿಯ ಬಹುಪಾಲು ವೈರಸ್ಸಿನಿಂದ ಬರುತ್ತದೆ, ಮುಖ್ಯವಾಗಿ ರೋಟಾವೈರಸ್‌ನಿಂದ. ಅದಕ್ಕೆಂದೇ 2016ರಿಂದ ಹಂತಹಂತವಾಗಿ ದೇಶದ ಲಸಿಕೆ ಕಾರ್ಯಕ್ರಮದಲ್ಲಿ ರೋಟಾ ಲಸಿಕೆ ಸೇರಿದೆ. ವೈರಸ್ಸಿನ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಕರುಳಿನಲ್ಲಿ ನೆಲೆಸಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಅದೇ ಕೆಲವೊಮ್ಮೆ ಹೊಸ ಭೇದಿ ತರುತ್ತದೆ, ರೋಗಾಣುಗಳಿಗೆ ಔಷಧಿಯನ್ನು ಎದುರಿಸುವ ತಾಲೀಮು ಕೊಡುತ್ತದೆ. ‘ಮಾತ್ರೆ ತಗೊಂಡ ಮೂರನೇ ದಿನಕ್ಕೆ ನಿಂತಿತಲ್ಲ’ ಎಂಬುದು ಇದಕ್ಕೆ ಬರುವ ಉತ್ತರ. ಮಾತ್ರೆ ತೆಗೆದುಕೊಳ್ಳದವರದೂ ಬಹುಪಾಲು ಅಷ್ಟೇ ದಿನದಲ್ಲಿ ನಿಲ್ಲುತ್ತದೆ. ಹೆಚ್ಚಿನ ಭೇದಿ ಕೆಲವೇ ದಿನಗಳಲ್ಲಿ, ತಡವಾದರೆ ಒಂದು ವಾರದೊಳಗೆ, ತಾನಾಗಿ ಇಳಿಯುವ ಕಾಯಿಲೆ. ಇಂಥ ಕಾಯಿಲೆಗೆ ಏನು ಕೊಟ್ಟರೂ ಕೊಟ್ಟದ್ದಕ್ಕೇ ಹೆಸರು ಬರುತ್ತದೆ. ಆ್ಯಂಟಿಬಯೋಟಿಕ್‌ಗೆ ನಿಜವಾದ ಜಾಗವಿದೆ: ರಕ್ತಭೇದಿ, ತೀವ್ರ ಕಾಲರಾ, ಪರೀಕ್ಷೆಯಲ್ಲಿ ಖಚಿತವಾದ ಅಮೀಬಾ ಅಥವಾ ಜಿಯಾರ್ಡಿಯಾ. ಕಾಲರಾದಲ್ಲೂ ಡಾಕ್ಸಿಸೈಕ್ಲಿನ್ ಭೇದಿಯ ಅವಧಿಯನ್ನು ತಗ್ಗಿಸುವ ಸಹಾಯಕ ಮಾತ್ರ. ಮೊದಲು ನೀರು, ಆಮೇಲೆ ಅದು.

ಇನ್ನು ಗ್ಲೂಕೋಸ್ ಬಾಟ್ಲಿಯ ವಿಷಯಕ್ಕೆ ಬರೋಣ. ನರಕ್ಕೆ ಸೂಜಿ ಚುಚ್ಚಿ ಏರಿಸಿದರೇ ಅದು ನಿಜವಾದ ಚಿಕಿತ್ಸೆ, ಕುಡಿಸುವುದು ಬಡವರ ಬದಲಿ ವ್ಯವಸ್ಥೆ ಎಂಬ ಭಾವನೆ ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ಮಗು ಪ್ರಜ್ಞೆ ತಪ್ಪುವ ಹಂತದಲ್ಲಿದ್ದರೆ, ಕುಡಿಯಲಾಗದಿದ್ದರೆ, ವಾಂತಿ ನಿಲ್ಲದೆ ಏನೂ ಒಳಗೆ ಉಳಿಯದಿದ್ದರೆ ಡ್ರಿಪ್ ಜೀವ ಉಳಿಸುತ್ತದೆ, ಆಗ ಒಂದು ಕ್ಷಣವೂ ತಡ ಮಾಡಬಾರದು. ಆದರೆ ಬಾಯಲ್ಲಿ ಕುಡಿಯಬಲ್ಲವರಿಗೆ ಕುಡಿಸಿದ ಓಆರ್‌ಎಸ್ ಡ್ರಿಪ್ಪಿನಷ್ಟೇ ಕೆಲಸ ಮಾಡುತ್ತದೆ, ಸೂಜಿಯ ಸೋಂಕು ಮತ್ತು ಖರ್ಚು ಎರಡೂ ಇಲ್ಲದೆ. ಇನ್ನೊಂದು ಸೂಕ್ಷ್ಮವೂ ಇದೆ. ‘ಗ್ಲೂಕೋಸ್ ಹಾಕಿಸಿಕೊಂಡು ಬಂದೆ’ ಎನ್ನುವಾಗ ಕೆಲವು ಕಡೆ ಏರಿಸಿರುವುದು ಬರೀ ಡೆಕ್ಸ್‌ಟ್ರೋಸ್ ದ್ರಾವಣ. ಅದರಲ್ಲಿ ಸೋಡಿಯಂ ಇಲ್ಲ, ಪೊಟ್ಯಾಸಿಯಂ ಇಲ್ಲ. ಭೇದಿಯಲ್ಲಿ ಕಳೆದ ಉಪ್ಪು ಅದರಿಂದ ತುಂಬುವುದಿಲ್ಲ. ಬೇಕಾದದ್ದು ರಿಂಗರ್ ಲ್ಯಾಕ್ಟೇಟ್, ಅದು ಸಿಗದಿದ್ದರೆ ನಾರ್ಮಲ್ ಸಲೈನ್. ಬಾಟ್ಲಿಯ ಮೇಲಿನ ಅಕ್ಷರ ಓದುವ ಹಕ್ಕು ರೋಗಿಯ ಮನೆಯವರಿಗಿದೆ.

ಇದಕ್ಕೆ ಎದುರಾಗುವ ಮಾತುಗಳಲ್ಲಿ ಅತ್ಯಂತ ಬಲವಾದದ್ದು ತಾಯಂದಿರದು. ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲುವುದಿಲ್ಲ, ಕುಡಿಸಿದಷ್ಟೂ ಹೋಗುತ್ತದೆ, ಹಾಗಾದರೆ ಅದು ಎಂಥ ಮದ್ದು? ಅವರು ಕಂಡದ್ದು ನಿಜ. ಹೊಟ್ಟೆಗೆ ಏನಾದರೂ ಬಿದ್ದ ತಕ್ಷಣ ಕರುಳು ಕದಲುತ್ತದೆ, ಮಗು ಕುಡಿದ ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಹೊರಬಂದದ್ದು ಈಗ ಕುಡಿದ ನೀರೇ ಅಲ್ಲ. ಆಗಲೇ ಕರುಳಿನಲ್ಲಿ ಸೋರಿ ನಿಂತಿದ್ದ ನೀರು. ಕುಡಿದದ್ದರ ಹೆಚ್ಚಿನ ಭಾಗ ಒಳಗೆ ಸೇರುತ್ತದೆ. ಅನುಮಾನವಿದ್ದರೆ ಮಗುವಿನ ಮೂತ್ರ ನೋಡಿ: ಕೆಲವು ಗಂಟೆಗಳಲ್ಲಿ ಅದು ಮತ್ತೆ ಸರಿಯಾಗಿ ಬರತೊಡಗಿದರೆ ನೀರು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಊಟ ನಿಲ್ಲಿಸಿ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂಬ ವಾದವೂ ನಿಲ್ಲುವುದಿಲ್ಲ. ಹಸಿದ ಕರುಳಿನ ಒಳಪದರ ತೆಳುವಾಗುತ್ತದೆ, ಚೇತರಿಕೆ ತಡವಾಗುತ್ತದೆ, ಮೊದಲೇ ಸೊರಗಿದ ಮಗು ಇನ್ನೂ ಸೊರಗಿ ಮುಂದಿನ ಭೇದಿಗೆ ಸುಲಭದ ತುತ್ತಾಗುತ್ತದೆ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಬೇಳೆಯ ಕಟ್ಟು, ಮೆತ್ತಗಿನ ಅನ್ನ ಇವೆಲ್ಲ ನಮ್ಮ ಅಡುಗೆಮನೆಯವೇ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಇದರ ಜೊತೆ ಜಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, ಹದಿನಾಲ್ಕು ದಿನ. ಭೇದಿ ನಿಂತ ಮೇಲೂ ಕೊಡಬೇಕಾದ ಈ ಮಾತ್ರೆಯನ್ನು ನಿಂತ ದಿನವೇ ಬಿಟ್ಟುಬಿಡುವುದಕ್ಕೂ ಕಾರಣ ಅದೇ ಹಳೆಯ ನಂಬಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕದ್ದು ನೂರಕ್ಕೆ 61ರಷ್ಟು ಮಕ್ಕಳಿಗೆ, ಜಿಂಕ್ ಸಿಕ್ಕದ್ದು 31ರಷ್ಟು ಮಕ್ಕಳಿಗೆ. ಪೊಟ್ಟಣ ಕಂಡುಹಿಡಿದ ನೆಲದಲ್ಲೇ, ಅರ್ಧ ಶತಮಾನದ ಬಳಿಕ, ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಅದು ಸಿಗುತ್ತಿಲ್ಲ.

ವೈದ್ಯರನ್ನು ಕೇಳಿದರೆ ಅವರ ಆಕ್ಷೇಪ ಬೇರೆ: ಬರೀ ಓಆರ್‌ಎಸ್ ಬರೆದುಕೊಟ್ಟರೆ ಬಂದವರಿಗೆ ಸಮಾಧಾನವಿಲ್ಲ, ಅವರು ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ. ಈ ಮಾತನ್ನು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿದ್ದಾರೆ. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿಕೊಂಡು ತರಬೇತಿ ಪಡೆದ ನಟರನ್ನು ಕಳುಹಿಸಿ ನಡೆಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಓಆರ್‌ಎಸ್ ಬರೆಯದಿರುವುದಕ್ಕೆ ಕಾರಣ ಏನು ಎಂಬುದು ಅದರ ಪ್ರಶ್ನೆ. ದಾಸ್ತಾನು ಇಲ್ಲದಿರುವುದು ಕೇವಲ ಶೇಕಡಾ 6ರಷ್ಟು ಕಾರಣ, ಬೇರೆ ಔಷಧಿ ಮಾರಿದರೆ ಸಿಗುವ ಲಾಭ ಶೇಕಡಾ 5ರಷ್ಟು. ದೊಡ್ಡ ಕಾರಣ, ಶೇಕಡಾ 42ರಷ್ಟು, ‘ಇವರಿಗೆ ಓಆರ್‌ಎಸ್ ಬೇಕಿಲ್ಲ’ ಎಂಬ ಚಿಕಿತ್ಸಕರ ಊಹೆ. ಬಂದವರು ಬಾಯಿಬಿಟ್ಟು ಓಆರ್‌ಎಸ್ ಕೇಳಿದಾಗ ಬರೆದುಕೊಡುವ ಪ್ರಮಾಣ ಗಮನಾರ್ಹವಾಗಿ ಏರಿತು. ಈ ಫಲಿತಾಂಶವನ್ನು ನಾನು ವೈದ್ಯರ ಮೇಲಿನ ದೂರಾಗಿ ಓದುವುದಿಲ್ಲ. ಜನ ನಿಲ್ಲಿಸುವ ಮದ್ದನ್ನು ಬಯಸುತ್ತಾರೆಂದು ವೈದ್ಯರು ನಂಬಿದ್ದಾರೆ. ವೈದ್ಯರು ಅದನ್ನೇ ಕೊಡುವುದರಿಂದ ಅದೇ ಸರಿಯಾದ ಮದ್ದೆಂದು ಜನ ನಂಬಿದ್ದಾರೆ. ಇಬ್ಬರೂ ಪರಸ್ಪರರ ಮುಖ ನೋಡಿಕೊಂಡು ತಪ್ಪನ್ನು ಉಳಿಸಿಕೊಂಡಿದ್ದಾರೆ. ರೋಗಿಯ ಕಡೆಯಿಂದ ‘ಡಾಕ್ಟ್ರೇ, ಓಆರ್‌ಎಸ್ ಬರೆದುಕೊಡಿ, ಆ್ಯಂಟಿಬಯೋಟಿಕ್ ನಿಜವಾಗಲೂ ಬೇಕಾ?’ ಎಂಬ ಒಂದು ಮಾತು ಬಂದರೂ ಈ ಗಂಟು ಸಡಿಲವಾಗುತ್ತದೆ.

ಕೂಲಿಗೆ ಹೋಗುವವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಕಟ್ಟಡ ಕೆಲಸದವರಿಗೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಬಸ್ ಓಡಿಸುವವರಿಗೆ ಹತ್ತು ಸಲ ಶೌಚಾಲಯಕ್ಕೆ ಹೋಗುವ ಅವಕಾಶವೇ ಇಲ್ಲ. ಒಂದು ದಿನ ತಪ್ಪಿದರೆ ಆ ದಿನದ ಸಂಬಳ ಹೋಯಿತು. ಅವರಿಗೆ ಭೇದಿ ನಿಲ್ಲುವುದೇ ಮುಖ್ಯ. ಆರೋಗ್ಯವಂತ ವಯಸ್ಕರು, ರಕ್ತವಿಲ್ಲ ಜ್ವರವಿಲ್ಲ ಎಂದು ಖಚಿತವಾದಾಗ, ವೈದ್ಯರನ್ನು ಕೇಳಿ ಒಂದೆರಡು ದಿನ ಲೋಪೆರಮೈಡ್ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಅದು ಕೆಲಸದ ಅನುಕೂಲಕ್ಕೆ ತೆಗೆದುಕೊಂಡದ್ದು, ಚಿಕಿತ್ಸೆ ಓಆರ್‌ಎಸ್ ಎಂಬುದು ನೆನಪಿರಬೇಕು. ಬಿಸಿಲಿನಲ್ಲಿ ಇಟ್ಟಿಗೆ ಹೊರುವವರು ಮಾತ್ರೆ ನುಂಗಿ ನೀರು ಕುಡಿಯದೆ ಕೆಲಸಕ್ಕೆ ನಿಂತರೆ ಕುಸಿದುಬೀಳುವುದು ಭೇದಿಯಿಂದಲ್ಲ, ಬತ್ತಿದ ದೇಹದಿಂದ.

ಓಆರ್‌ಎಸ್ ಕೊಡುತ್ತೇವೆ ಎನ್ನುವವರೂ ಪ್ರಮಾಣದಲ್ಲಿ ಎಡವುತ್ತಾರೆ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಹರಿದು ಒಂದು ಲೋಟಕ್ಕೆ ಹಾಕಿ, ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿಟ್ಟರೆ ಆ ಲೋಟದ ನೀರು ಅಪಾಯಕಾರಿಯಾಗುವಷ್ಟು ಉಪ್ಪಾಗಿರುತ್ತದೆ. ಸೂತ್ರದಲ್ಲಿರುವುದು ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಇಡೀ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುಡಿಯುವ ನೀರಿಗೆ ಹಾಕಬೇಕು, ಇಪ್ಪತ್ನಾಲ್ಕು ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ನೀರಿಗೆ ಸಕ್ಕರೆ ಆರು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಚಮಚದ ಅಂಚಿಗೆ ಸಮವಾಗಿ ಸವರಿ. ಹಣ್ಣಿನ ರುಚಿಯ ಟೆಟ್ರಾ ಪ್ಯಾಕುಗಳನ್ನು ‘ಓಆರ್‌ಎಸ್’ ಹೆಸರು ಹಚ್ಚಿ ಮಾರುತ್ತಿದ್ದುದು ಇನ್ನೂ ಕೆಟ್ಟದ್ದು. ಅವುಗಳಲ್ಲಿ ಸಕ್ಕರೆ ಸೂತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಹೆಚ್ಚು ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಬೆಳೆಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆದೇಶಿಸಿತು. ಅಂಗಡಿಯಲ್ಲಿ ‘ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ’ ಎಂದು ಬರೆದದ್ದನ್ನೇ ಕೇಳಿ ಪಡೆಯಬೇಕು.

ಹಾಗಾದರೆ ವೈದ್ಯರ ಬಳಿ ಯಾವಾಗ ಓಡಬೇಕು? ಭೇದಿಯ ಲೆಕ್ಕ ಇಲ್ಲಿ ಅರ್ಧ ಸಹಾಯವನ್ನೂ ಮಾಡುವುದಿಲ್ಲ. ಹತ್ತು ಸಲ ಹೋಗಿಯೂ ಓಆರ್‌ಎಸ್ ಕುಡಿದು ಆಡುತ್ತಿರುವ ಮಗು ಮನೆಯಲ್ಲೇ ಇರಬಹುದು. ನಾಲ್ಕೇ ಸಲ ಹೋಗಿ ಕಣ್ಣು ಗುಳಿಬಿದ್ದು ಮಂಕಾಗಿ ಮಲಗಿದ ಮಗು ಈ ಗಳಿಗೆಯಲ್ಲಿ ಆಸ್ಪತ್ರೆಯಲ್ಲಿರಬೇಕು. ನೋಡಬೇಕಾದ್ದು ಮಗುವನ್ನು. ಕಿರಿಕಿರಿ ಮಾಡುತ್ತಿದೆಯೆ, ಲೋಟ ಕಂಡರೆ ಕಸಿದುಕೊಂಡು ಗಟಗಟ ಕುಡಿಯುತ್ತಿದೆಯೆ, ಅಳುವಾಗ ಕಣ್ಣೀರು ಬರುತ್ತಿಲ್ಲವೆ, ಬಾಯಿ ಒಣಗಿದೆಯೆ: ನೀರಿನ ಕೊರತೆ ಶುರುವಾಗಿದೆ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ದಾರಿಯುದ್ದಕ್ಕೂ ಕುಡಿಸುತ್ತಿರಿ. ಕುಡಿಯುವ ಶಕ್ತಿಯೇ ಇಲ್ಲದೆ, ಕರೆದರೆ ಕಣ್ಣು ಬಿಡದೆ ಮಂಪರಿನಲ್ಲಿದ್ದರೆ ಇದು ಕೊನೆಯ ಎಚ್ಚರಿಕೆ. ಹೊಟ್ಟೆಯ ಮೇಲೆ, ಹೊಕ್ಕುಳಕ್ಕೂ ಪಕ್ಕೆಗೂ ನಡುವೆ, ಚರ್ಮವನ್ನು ಉದ್ದಕ್ಕೆ ಎರಡು ಬೆರಳಿನಲ್ಲಿ ಹಿಡಿದೆತ್ತಿ ಬಿಟ್ಟುನೋಡಿ. ಆರೋಗ್ಯವಂತ ಮಗುವಿನ ಚರ್ಮ ಬಿಟ್ಟ ತಕ್ಷಣ ಸಮವಾಗುತ್ತದೆ. ಮಡಿಕೆ ನಿಧಾನವಾಗಿ ಇಳಿದರೆ ಕೊರತೆ ಇದೆ. ಎರಡು ಸೆಕೆಂಡಾದರೂ ಮಡಿಕೆಯಾಗಿಯೇ ನಿಂತಿದ್ದರೆ ತೀವ್ರ ಕೊರತೆ. ಎಳೆಕೂಸಿನ ನೆತ್ತಿ ಕುಸಿದಿರುವುದೂ ಇದೇ ಸೂಚನೆ. ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಇಳಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಅಕ್ಕಚ್ಚಿನಂಥ ಭೇದಿ ಧಾರೆಯಾಗಿ ಸುರಿಯುತ್ತಿದ್ದರೆ ಕಾಯುವ ಪ್ರಶ್ನೆಯಿಲ್ಲ. ವಾಂತಿ ಒಂದೆರಡು ಸಲವಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನ ಕುಡಿಸಿ ನೋಡಬಹುದು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಯಾವ ಲಕ್ಷಣಕ್ಕೂ ಕಾಯದೆ ತೋರಿಸಬೇಕು. ‘ಹಲ್ಲು ಬರ್ತಿದೆ, ಅದಕ್ಕೇ’ ಎಂಬ ಸಮಾಧಾನ ಯಾವ ವಯಸ್ಸಿನ ಮಗುವಿನ ವಿಷಯದಲ್ಲೂ ಸಲ್ಲದು. ಹದಿನಾಲ್ಕು ದಿನ ದಾಟಿದ ಭೇದಿ ಬೇರೆಯದೇ ಕಾಯಿಲೆ, ಅದಕ್ಕೆ ಪರೀಕ್ಷೆ ಬೇಕು.

ವಯಸ್ಸಾದವರ ವಿಷಯದಲ್ಲಿ ನಾವು ಇನ್ನೂ ಅಜಾಗರೂಕರು. ವೃದ್ಧರಿಗೆ ಬಾಯಾರಿಕೆಯ ಅರಿವೇ ಮಂದ. ಅನೇಕರು ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಗೆ ಬೇರೆ ಮಾತ್ರೆ ನುಂಗುತ್ತಿರುತ್ತಾರೆ. ದೇಹ ಬತ್ತಿರುವಾಗ ಇವುಗಳಲ್ಲಿ ಕೆಲವು ಮೂತ್ರಪಿಂಡವನ್ನು ಘಾಸಿಗೊಳಿಸುತ್ತವೆ. ಅವರಿಗೆ ಭೇದಿ ಶುರುವಾದ ದಿನವೇ ವೈದ್ಯರಿಗೆ ಫೋನ್ ಮಾಡಿ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಕೇಳಬೇಕು. ‘ಸಕ್ಕರೆ ಇದೆ, ಉಪ್ಪಿದೆ, ನಮ್ಮಪ್ಪನಿಗೆ ಓಆರ್‌ಎಸ್ ಬೇಡ’ ಎನ್ನುವುದು ದುಬಾರಿಯಾಗುವ ಮುನ್ನೆಚ್ಚರಿಕೆ. ಒಂದು ಲೀಟರಿನಲ್ಲಿರುವ 13.5 ಗ್ರಾಂ ಗ್ಲೂಕೋಸಿಗಿಂತ ನೀರಿಲ್ಲದ ರಕ್ತ ಮಧುಮೇಹಿಗೆ ಬಹಳ ದೊಡ್ಡ ಅಪಾಯ. ಸಕ್ಕರೆ ಪರೀಕ್ಷಿಸುತ್ತ ಕುಡಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಪ್ರಮಾಣವನ್ನು ವೈದ್ಯರೇ ಹೇಳಲಿ. ಗರ್ಭಿಣಿಯರೂ ತಡಮಾಡದೆ ತೋರಿಸಿಕೊಳ್ಳಬೇಕು.

‘ನಿಲ್ಲಿಸುವ’ ಚಿಕಿತ್ಸೆಯ ಇನ್ನೊಂದು ನಷ್ಟ ಒಂದು ಮನೆಗೆ ಸೀಮಿತವಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರು ಕೆಟ್ಟು ಜನ ವಾಂತಿಭೇದಿಯಿಂದ ಸತ್ತರು. ಇಂಥ ಕಡೆ ಮೊದಲ ಸುಳಿವು ಸಿಗುವುದು ಬೀದಿಯಲ್ಲಿ: ಒಂದೇ ನಲ್ಲಿಯ ನೀರು ಕುಡಿಯುವ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ಭೇದಿ. ಪ್ರತಿ ಮನೆಯವರೂ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನಿಲ್ಲಿಸಿಕೊಂಡರೆ ಆ ಸುಳಿವು ಯಾರ ಕಣ್ಣಿಗೂ ಬೀಳುವುದಿಲ್ಲ, ಪೈಪಿಗೆ ಚರಂಡಿ ಸೇರಿರುವ ಜಾಗ ಹಾಗೇ ಇರುತ್ತದೆ, ನಾಲ್ಕನೆಯ ದಿನ ಇಡೀ ಬಡಾವಣೆ ಮಲಗುತ್ತದೆ. ಎರಡನೆಯ ಮನೆಯಲ್ಲಿ ಕಂಡ ಕೂಡಲೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು, ನೀರನ್ನು ಕುದಿಸಿ ಕುಡಿಯಬೇಕು, ಮಲದ ಸ್ಯಾಂಪಲ್ ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ಪ್ರಯೋಗಾಲಯಕ್ಕೆ ಹೋಗಬೇಕು. ಮಾತ್ರೆ ನುಂಗಿದ ಮೇಲೆ ತೆಗೆದ ಸ್ಯಾಂಪಲ್ಲಿನಲ್ಲಿ ಕಾಲರಾದ ಕ್ರಿಮಿ ಸಿಗುವ ಸಾಧ್ಯತೆ ಕಡಿಮೆ.